ಟೈಮಜ್ಜಿಯ ಸಹಿ

ಒಂದು ನಿಮಿಷ, ಎದ್ದು ಹೋಗಬೇಡಿ. ಇದನ್ನು ಕೊನೆವರೆಗೂ ಕೇಳಿ, ಆಮೇಲೆ ತಪ್ಪು ಯಾರದು ಅಂತ ನೀವೇ ಹೇಳಿ. ಯಾಕೆಂದರೆ ಹದ್ದಣ್ಣನ ಪ್ರಕಾರ ತಪ್ಪು ಅವನದಲ್ಲ, ಬೀದಿಯವರ ಪ್ರಕಾರ ಅವರದಲ್ಲ, ಟೈಮಜ್ಜಿಯ ಪ್ರಕಾರವಂತೂ ತಪ್ಪೇ ಆಗಿಲ್ಲ.

ಹದ್ದಣ್ಣ ಅಂದರೆ ಡ್ರೋನ್ ಹಾರಿಸಿ ವಿಡಿಯೊ ತೆಗೆಯುವವನು. ಮೊದಲು ಭಾವನ ಜೆರಾಕ್ಸ್ ಅಂಗಡಿಯಲ್ಲಿದ್ದ. ಅಲ್ಲಿ ಆರು ವರ್ಷ ಅವನಿಗಿದ್ದ ಹೆಸರು ಒಂದೇ, "ಏಯ್, ಎರಡೂ ಸೈಡು". ಆ ಹೆಸರಿನಿಂದ ತಪ್ಪಿಸಿಕೊಳ್ಳಲೆಂದೇ ಡ್ರೋನ್ ಕಲಿತು, ಪರೀಕ್ಷೆ ಬರೆದು, ಪರ್ಮಿಟ್ ತೆಗೆದುಕೊಂಡು, ಮೇಲೊಂದು ವಿಮೆಯನ್ನೂ ಮಾಡಿಸಿದ್ದ. ಆದರೆ ಪರ್ಮಿಟ್ಟಿನ ಮೇಲೆ ಆಗಲೇ ಒಂದು ಕಪ್ಪು ಚುಕ್ಕೆ ಬಿದ್ದಿತ್ತು. ಹೋದ ವರ್ಷ ಶಾಲೆಯೊಂದರ ವಿಡಿಯೊ ತೆಗೆಯುವಾಗ, ಪಕ್ಕದ ತಾರಸಿಯಲ್ಲಿ ಹೆಡ್‌ಮಾಸ್ಟರು ತಲೆಗೆ ಕರಿಬಣ್ಣ ಹಚ್ಚಿಕೊಂಡು ಒಣಗಿಸುತ್ತಾ ಕೂತಿದ್ದೂ ಅದರಲ್ಲಿ ಸ್ಪಷ್ಟವಾಗಿ ಬಂದುಬಿಟ್ಟಿತ್ತು. ಇನ್ನೊಂದು ಸಲ ನಿಯಮ ಮುರಿದರೆ ಪರ್ಮಿಟ್ ರದ್ದು. ಪರ್ಮಿಟ್ ಹೋದರೆ ಮತ್ತೆ ಭಾವನೇ ಗತಿ.

ಆವತ್ತಿನ ಕೆಲಸ ಅವನ ಸ್ವಂತ ಬೀದಿಯಲ್ಲೇ ಇತ್ತು. ಪೇಂಟ್ ಕಂಪನಿಯೊಂದು ಹದಿನಾಲ್ಕು ಮನೆಗಳಿಗೆ ಹದಿನಾಲ್ಕು ಬಣ್ಣ ಬಳಿಸಿ, ಮೇಲಿನಿಂದ ಜಾಹೀರಾತು ತೆಗೆದುಕೊಡು ಅಂದಿತ್ತು. ನಿಯಮ ಏನೆಂದರೆ, ಶೂಟಿಂಗಿಗೆ ಸಂಬಂಧವಿಲ್ಲದವರ ಮನೆ ಮೇಲೆ ಡ್ರೋನ್ ಹೋಗುವಂತಿಲ್ಲ. ಹೋಗಬೇಕಾದರೆ ಅವರು ಮೊದಲೇ ಸಹಿ ಹಾಕಿ ಶೂಟಿಂಗ್ ತಂಡ ಸೇರಿರಬೇಕು.

ಬೆಳಗ್ಗೆಯೇ ಹದ್ದಣ್ಣ ಫಾರ್ಮ್ ಹಿಡಿದು ಮನೆಮನೆ ಸುತ್ತಿದ. ಸಹಿ ಸುಲಭವಾಗಿ ಸಿಕ್ಕಿತು. ಕಷ್ಟ ಶುರುವಾಗಿದ್ದು ಸಹಿ ಸಿಕ್ಕ ಮೇಲೆ.

"ತಂಡ ಅಂದ್ಮೇಲೆ ನನ್ ಕೆಲಸ ಏನಪ್ಪಾ?" ಅಂತ ಟೈಲರ್ ಮಾವ ಕೇಳಿದರು.

"ಏನೂ ಇಲ್ಲ ಮಾವ. ಸುಮ್ನೆ ನಿಂತಿದ್ರೆ ಸಾಕು."

"ಸುಮ್ನೆ ನಿಲ್ಲೋಕೆ ನಾನೇನು ಅಂಗಡಿ ಮುಂದಿನ ಗೊಂಬೆನಾ?" ಎಂದ ಟೈಲರ್ ಮಾವ, ಕತ್ತಿನ ಟೇಪು ಕೂಡ ತೆಗೆಯದೆ, ಆ ಕ್ಷಣದಿಂದಲೇ ನಿರ್ದೇಶಕರಾದರು. ರಿಟೈರಾದ ಬಸ್ ಕಂಡಕ್ಟರು ಪೆಟ್ಟಿಗೆಯ ತಳದಿಂದ ಹಳೇ ಸೀಟಿ ಹುಡುಕಿ ತಂದು, ಡ್ರೋನ್ ಹೊರಡುವುದು ನಿಲ್ಲುವುದು ಎಲ್ಲ ತನ್ನ ಜವಾಬ್ದಾರಿ ಅಂದರು.

ಉಳಿದದ್ದು ಕೊನೆಯ ಮನೆ, ಟೈಮಜ್ಜಿಯದು. ಅಜ್ಜಿ ಮೂವತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್ ಜೋಡಿಸಿದವರು. ಯಾವ ಕರೆ ಎಷ್ಟು ಗಂಟೆಗೆ ಅಂತ ಬರೆದೂ ಬರೆದೂ, ಈಗ ಕಣ್ಣಿಗೆ ಬಿದ್ದದ್ದರ ಮೇಲೆಲ್ಲ ತಾರೀಖು ಗಂಟೆ ಬರೆಯುತ್ತಾರೆ. ಬಲ್ಬಿನ ಮೇಲೆ, ಸೋಪಿನ ಕಾಗದದ ಮೇಲೆ. ಅವರ ಮನೆಯ ಪೊರಕೆಗೂ ಜಾತಕ ಬರೆಸಬಹುದು, ಅಷ್ಟು ಸರಿಯಾದ ಗಳಿಗೆ ಇದೆ.

"ಓದ್ದೆ ಸಹಿ ಹಾಕೋಳಲ್ಲ ಮರಿ. ಇಟ್ಟು ಹೋಗು," ಅಂದರು ಅಜ್ಜಿ.

ಫಾರ್ಮಿನಲ್ಲಿ ನಾಲ್ಕು ಪುಟ. ಮಧ್ಯಾಹ್ನ ಎರಡಕ್ಕೆ ಹೋಗಿ ಇಣುಕಿದರೆ ಅಜ್ಜಿ ಎರಡನೇ ಪುಟದಲ್ಲಿದ್ದರು. ಮೂರೂವರೆಗೆ ಮೂರನೇ ಪುಟ. ಬಿಸಿಲು ಜಾರುತ್ತಿತ್ತು. ಅಜ್ಜಿ ಹೇಗೂ ಸಹಿ ಹಾಕೇ ಹಾಕ್ತಾರೆ, ಹಾರಿಸು ಅಂತ ಟೈಲರ್ ಮಾವ ಪೀಡಿಸಿದರು. ಹದ್ದಣ್ಣ ಒಪ್ಪಲಿಲ್ಲ. ಹದಿಮೂರನೇ ಮನೆವರೆಗೆ ಹೋಗಿ ವಾಪಸ್ ತಿರುಗಿಸ್ತೀನಿ, ಅಷ್ಟೇ ಅಂದ.

ಹಾಗಂತಲೇ ಹಾರಿಸಿದ. ಡ್ರೋನ್ ಬಣ್ಣಬಣ್ಣದ ತಾರಸಿಗಳ ಮೇಲೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯಿತು. ಹದಿಮೂರನೇ ಮನೆ ಬಂತು. ನಿಲ್ಲಿಸು ಅಂತ ನಿರ್ದೇಶಕರು ಕೈ ಎತ್ತಿದರು. ಕಂಡಕ್ಟರು ಸೀಟಿ ಊದಿದರು. ಒಂದು ಸೀಟಿ ಅಂದರೆ ನಿಲ್ಲು, ಎರಡು ಅಂದರೆ ಹೊರಡು, ಬಸ್ ಹತ್ತಿದವರಿಗೆಲ್ಲ ಇದು ಗೊತ್ತು. ಗಡಿಬಿಡಿಯಲ್ಲಿ ಕಂಡಕ್ಟರು ಎರಡು ಊದಿದರು. ಹುಟ್ಟಿದಾಗಿನಿಂದ ಬಸ್ಸಿನಲ್ಲೇ ಓಡಾಡಿದ ಹದ್ದಣ್ಣನ ಹೆಬ್ಬೆರಳು, ಅವನನ್ನು ಒಂದು ಮಾತೂ ಕೇಳದೆ, ಮುಂದಕ್ಕೆ ಒತ್ತಿತು.

ಡ್ರೋನ್ ಹದಿನಾಲ್ಕನೇ ಮನೆಯ ಮೇಲಿನ ಕೇಬಲ್ ತಂತಿಗೆ ತಾಗಿ, ಅಜ್ಜಿಯ ಚಾವಣಿಯ ಗಾಜು ಒಡೆದುಕೊಂಡು ನೇರ ಒಳಗಿಳಿಯಿತು.

ಎಲ್ಲರೂ ಓಡಿದರು. ಹಜಾರದ ಮೇಜಿನ ಮೇಲೆ ಡ್ರೋನ್ ಮಗುಚಿಬಿದ್ದ ಜಿರಳೆಯ ಹಾಗೆ ಕಾಲು ಮೇಲೆ ಮಾಡಿ ಬಿದ್ದಿತ್ತು. ಬೀಳುವಾಗ ಅದರ ರೆಕ್ಕೆ ಬಡಿದು, ಎಕ್ಸ್‌ಚೇಂಜಿನವರು ಬೀಳ್ಕೊಡುಗೆಗೆ ಕೊಟ್ಟ ಗೋಡೆ ಗಡಿಯಾರ ಸರಿಯಾಗಿ ನಾಲ್ಕು ಹತ್ತಕ್ಕೆ ನಿಂತುಹೋಗಿತ್ತು. ಅಜ್ಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು.

"ಮೂರನೇ ಪುಟದಲ್ಲಿ 'ಆಕಸ್ಮಿಕ' ಅಂತ ಬರ್ದಿದೆಯಲ್ಲ ಮರಿ, ಅದು ಇದೇನಾ?"

ಹದ್ದಣ್ಣ ನೆಲದ ಗಾಜು ಗುಡಿಸಿ, ಅಜ್ಜಿಗೆ ನೀರು ಕೊಟ್ಟು, ಆಮೇಲೆ ವಿಮೆಯವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಅತ್ತಕಡೆಯ ಹೆಂಗಸು ಬಹಳ ಸಮಾಧಾನದವಳು. ವಿಮೆ ಇರುವುದು ಹೊರಗಿನವರಿಗೆ ಆದ ನಷ್ಟಕ್ಕೆ ಮಾತ್ರ, ತಂಡದವರಿಗೆ ಆದರೆ ಬರುವುದಿಲ್ಲ, ಸಹಿ ಯಾವಾಗ ಹಾಕಿದ್ದರೂ ಅವರು ತಂಡದವರೇ ಅಂದಳು. ಅಜ್ಜಿ ಇನ್ನೂ ಸಹಿ ಹಾಕಿಲ್ಲ ಅಂತ ಹದ್ದಣ್ಣ ಖುಷಿಯಿಂದ ಹೇಳಿದ.

"ಹಾಗಿದ್ರೆ ನಷ್ಟ ಕೊಡ್ತೀವಿ ಸರ್," ಅಂದಳು ಅವಳು. "ಆದ್ರೆ ಹೊರಗಿನವರ ಮನೆ ಮೇಲೆ ಸಹಿ ಇಲ್ದೆ ಹಾರ್ಸಿದೀರಿ ಅಂತ ಪರ್ಮಿಟ್ ಆಫೀಸಿಗೆ ವರದಿ ಕಳಿಸ್ಬೇಕಾಗುತ್ತೆ. ಸಹಿ ಇದೆಯೋ ಇಲ್ವೋ, ಸರಿಯಾಗಿ ನೋಡಿ ಹೇಳಿ. ಲೈನಲ್ಲಿರ್ತೀನಿ."

ಹದ್ದಣ್ಣ ಫೋನಿನ ಮೇಲೆ ಅಂಗೈ ಮುಚ್ಚಿದ. ಸಹಿ ಇದ್ದರೆ ವಿಮೆ ಇಲ್ಲ. ಸಹಿ ಇಲ್ಲದಿದ್ದರೆ ಪರ್ಮಿಟ್ ಇಲ್ಲ. ಹಾಕಿಸಿಬಿಡು ಅಂತ ಟೈಲರ್ ಮಾವ ಪಿಸುಗುಟ್ಟಿದರು, ಬೇಡ ಅಂತ ಕಂಡಕ್ಟರು ಕಣ್ಣಲ್ಲೇ ಹೇಳಿದರು. ಹದ್ದಣ್ಣನ ಕಣ್ಣ ಮುಂದೆ ಜೆರಾಕ್ಸ್ ಮೆಷಿನ್ನಿನ ಹಸಿರು ಬೆಳಕು ಹಾದುಹೋಯಿತು. ಗಾಜು, ಗಡಿಯಾರ ಎರಡನ್ನೂ ತಾನೇ ಹೇಗೋ ಮಾಡಿಸಿಕೊಟ್ಟರಾಯಿತು, ಪರ್ಮಿಟ್ ಉಳಿಯಲಿ.

"ಅಜ್ಜಿ, ಓದಿದ್ದು ಮುಗೀತಾ? ಒಂದು ಸಹಿ ಹಾಕ್ಬಿಡಿ."

ಅಜ್ಜಿ ಕೊನೆಯ ಸಾಲು ಮುಗಿಸಿ, ನಿಧಾನಕ್ಕೆ, ಚಂದಕ್ಕೆ ಸಹಿ ಹಾಕಿದರು. ಹದ್ದಣ್ಣ ಕಾಗದಕ್ಕೆ ಕೈ ಚಾಚಿದ. ಅಜ್ಜಿ ಬಿಡಲಿಲ್ಲ. ತಲೆ ಎತ್ತಿ ಗೋಡೆ ಗಡಿಯಾರ ನೋಡಿದರು. ನಾಲ್ಕು ಹತ್ತು. ಅದನ್ನೇ ಬರೆದರೆ ಸಹಿ ತಡವಾಗಿದ್ದು ಗೊತ್ತಾಗಲ್ಲ, ಬರೆಯಲಿ ದೇವರೇ ಅಂತ ಹದ್ದಣ್ಣ ಬೇಡಿಕೊಂಡ. ಅಜ್ಜಿಯ ಪೆನ್ನು ಕಾಗದ ಮುಟ್ಟಿತು.

"ಅಯ್ಯೋ, ಇದು ನಿಂತೋಗಿದೆಯಲ್ಲ," ಅಂದರು. ಸೆರಗು ಸರಿಸಿ ಕೈಗಡಿಯಾರ ನೋಡಿದರು. ಬರೆದರು.

ಅಷ್ಟಕ್ಕೇ ನಿಂತಿದ್ದರೂ ಹೇಗೋ ಆಗುತ್ತಿತ್ತು. ಆದರೆ ಲೈನಲ್ಲಿ ಒಬ್ಬರನ್ನು ಸುಮ್ಮನೆ ಕಾಯಿಸುವುದು ಅಜ್ಜಿಗೆ ಜನ್ಮದಲ್ಲಿ ಸೇರದು. ಹದ್ದಣ್ಣನ ಕೈಯಿಂದ ಫೋನ್ ತಗೊಂಡೇಬಿಟ್ಟರು.

"ಹಲೋ, ಕಾಯಿಸಿದ್ದಕ್ಕೆ ಬೇಜಾರಾಗ್ಬೇಡಿ. ಸಹಿ ಆಗಿದೆಯಮ್ಮ. ನಾಲ್ಕು ನಲವತ್ತೆರಡಕ್ಕೆ. ಡ್ರೋನ್ ಬಿದ್ದಿದ್ದು ನಾಲ್ಕು ಹತ್ತಕ್ಕೆ. ಎರಡನ್ನೂ ಬರ್ದಿದೀನಿ."

ಅತ್ತಕಡೆ ಕೀಬೋರ್ಡು ಟಕಟಕ ಅಂದಿತು.

"ಥ್ಯಾಂಕ್ಸ್ ಮೇಡಂ," ಅಂದಳು ಅವಳು. "ಇಷ್ಟು ಕರೆಕ್ಟಾಗಿ ಯಾರೂ ಹೇಳಲ್ಲ."

ಸಹಿ ಹಾಕಿದ್ದಕ್ಕೆ ವಿಮೆ ಹೋಯಿತು. ತಡವಾಗಿ ಹಾಕಿದ್ದಕ್ಕೆ ಪರ್ಮಿಟ್ ಹೋಯಿತು.

ಮುಂದಿನ ಸೋಮವಾರ ಟೈಮಜ್ಜಿ ಆ ಫಾರ್ಮಿನದೊಂದು ಕಾಪಿ ತಮ್ಮ ಹತ್ತಿರವೂ ಇರಲಿ ಅಂತ ಜೆರಾಕ್ಸ್ ಅಂಗಡಿಗೆ ಬಂದರು. ಗಲ್ಲಾಪೆಟ್ಟಿಗೆ ಹಿಂದೆ ಕೂತಿದ್ದ ಭಾವ ತಲೆ ಎತ್ತದೆ ಕೂಗಿದ:

"ಏಯ್, ಎರಡೂ ಸೈಡು."

ಹದ್ದಣ್ಣ ಕಾಪಿ ತೆಗೆದುಕೊಟ್ಟ. ಅಜ್ಜಿ ಅದರ ಮೂಲೆಯಲ್ಲಿ ಗಂಟೆ ಬರೆದುಕೊಂಡು ಹೋದರು. ಈಗ ನೀವು ಹೇಳಿ, ಫೋನ್ ಮುಚ್ಚಿ ಹಿಡಿದು ನಿಂತಿದ್ದು ನೀವೇ ಆಗಿದ್ದರೆ, ಅಜ್ಜಿಗೆ ಏನಂತ ಹೇಳುತ್ತಿದ್ದಿರಿ?