ತಿಂದು ನಡೆಯುವುದೋ, ನಡೆದು ತಿನ್ನುವುದೋ

ಲೋಕದಲ್ಲಿ ಸಲಹೆಯಷ್ಟು ಅಗ್ಗವಾದ ವಸ್ತು ಇನ್ನೊಂದಿಲ್ಲ. ಅದರಲ್ಲೂ ಹೊಟ್ಟೆ ಮುಂದೆ ಬಂದವನಿಗೆ ಅದು ಕೇಳದೆಯೇ ಸಿಗುತ್ತದೆ. ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಇಳಿಯದಿದ್ದರೆ ಜೀವನಪೂರ್ತಿ ಗುಳಿಗೆ, ಹೋಳಿಗೆಗೆ ಕೈಮುಗಿಯಿರಿ ಎಂದರು ಡಾಕ್ಟರು. ಕಲಬುರಗಿಯಿಂದ ಪುಣೆಗೆ ಬಂದು ಇಪ್ಪತ್ತೆರಡು ವರ್ಷ ಗುಮಾಸ್ತನಾಗಿರುವವನು ನಾನು. ಸಾಹೇಬರ ಬೈಗುಳ ನುಂಗಿದ್ದೇನೆ, ಹೋಳಿಗೆಯಿಲ್ಲದ ಹೋಳಿಹುಣ್ಣಿಮೆ ನುಂಗಲಾರೆ. ಮರುದಿನವೇ ಬೂಟು ಕೊಂಡೆ.

ಆದರೆ ತಿಂದು ನಡೆಯಬೇಕೋ, ನಡೆದು ತಿನ್ನಬೇಕೋ? ಮಗರಪಟ್ಟಾದ ಹಿಂದಿರುವ ನಮ್ಮ ಸೊಸೈಟಿಯ ವಾಕಿಂಗ್ ಗುಂಪಿಗೆ ದೇಶಪಾಂಡೆಯವರೇ ಮುಖಂಡರು. “ಅಹೋ, ರಿಕಾಮ್ಯಾ ಪೋಟೀಚ ಚಾಲಾಯಚಂ!” ಎಂದು ತೀರ್ಪು ಕೊಟ್ಟರು. ಖಾಲಿ ಹೊಟ್ಟೆಯಲ್ಲೇ ನಡೆಯಬೇಕಂತೆ, ಆಗಲೇ ಕೊಬ್ಬು ಕರಗುವುದಂತೆ. ನಡೆದಾದ ಮೇಲೆ ಅವರು ಎಣ್ಣೆ ತೇಲುವ ಮಿಸಳ್ ಎರಡು ಪ್ಲೇಟು ಹೊಡೆಯುವುದು ಮಾತ್ರ ಆ ಕೊಬ್ಬಿನ ಕಣ್ಣಿಗೆ ಬೀಳುವುದಿಲ್ಲವೆಂದು ಕಾಣುತ್ತದೆ.

ಹಾಗೇ ನಡೆದೆ. ಹೊಟ್ಟೆಗೆ ಹಿಟ್ಟಿಲ್ಲ, ಕಾಲಿಗೆ ಹೊಸ ಬೂಟು. ಎರಡನೆಯ ಸುತ್ತಿಗೆ ಕಣ್ಣು ಕತ್ತಲಿಟ್ಟಿತು, ಮೂರನೆಯ ಸುತ್ತಿಗೆ ವಿನಾಕಾರಣ ಸಿಟ್ಟು ಬಂತು. ಗೇಟು ತೆಗೆಯಲು ತಡಮಾಡಿದ ವಾಚ್‌ಮನ್‌ಗೆ ಮರಾಠಿಯಲ್ಲಿ ಬೈದೆ, ಸಾಲದೆಂದು ಕನ್ನಡದಲ್ಲೂ ಬೈದೆ. ಪಾಪ, ಅವನು ನಮ್ಮ ಕಡೆಯ ಗಡಿ ಊರಾದ ಅಫಜಲಪುರದವನು, ಎರಡೂ ಅರ್ಥವಾದವು.

ಮರುದಿನ ತಿಂದೇ ಹೊರಟೆ. ನನಗಾಗಿ ಹೆಂಡತಿ ಶಾಂತಾ ಅರ್ಧ ತಾಸು ಮೊದಲೇ ಎದ್ದು ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ ಮಾಡಿದ್ದಳು. ಮನಸ್ಸಿನಲ್ಲಿ ಇಡೀ ಜಗತ್ತಿನ ಮೇಲೆ, ದೇಶಪಾಂಡೆಯವರ ಮೇಲೂ, ಪ್ರೀತಿ ಉಕ್ಕುತ್ತಿತ್ತು. ದೇಹ ಮಾತ್ರ ಮೊದಲ ಬೆಂಚು ಕಂಡೊಡನೆ ಕೂತಿತು, ಕೂತಲ್ಲೇ ಗೊರಕೆ ಹೊಡೆಯಿತು.

ದೇಹ ಒಂದು ಕಡೆ, ಮನಸ್ಸು ಒಂದು ಕಡೆ. ಈ ಸಂಕಟದ ಬಗ್ಗೆ ಮನೆಯಲ್ಲಿ ವಾರವಿಡೀ ಉಪನ್ಯಾಸ ಕೊಟ್ಟೆ. ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದ ಶಾಂತಾ ತಲೆಯೆತ್ತದೆ ಅಂದಳು: “ಖಾಲಿ ಹೊಟ್ಟೀಲೆ ಮೈ ಬಗ್ಗಿಸಿದ್ರ ಏನಾಗ್ತದಂತ ನನ್ನ ಕೇಳ್ರಿ. ಐದಕ್ಕ ಏಳ್ತೀನಿ. ಕಸ, ನೀರು, ಪೂಜಾ, ನಿಮ್ಮ ನಾಷ್ಟಾ, ನಿಮ್ಮ ಡಬ್ಬಿ. ನೀವು ತಿಂದು ಹ್ವಾದ ಮ್ಯಾಲೆ ಹತ್ತಕ್ಕ ನನ್ನ ಬಾಯಾಗ ಒಂದು ತುತ್ತು. ಇಪ್ಪತ್ತೆರಡು ವರ್ಷ ಆತು, ನಿಮ್ಮ ಗುಂಪಿನ್ಯಾಗ ಯಾರೂ ನನಗ ಶಾಬ್ಬಾಸ್ ಅಂದಿಲ್ಲ ನೋಡ್ರಿ.”

ನಾಚಿಕೆಯಾಯಿತು. ಅವಳಿಗೆ ಬೆಳಗಿನ ಹೊತ್ತು ತಲೆ ಸುತ್ತುತ್ತದೆಂದು ಹೇಳಿದಾಗಲೆಲ್ಲ ‘ವಯಸ್ಸಾಯಿತು’ ಎಂದು ನಕ್ಕವನು ನಾನೇ.

“ನಾಳಿಂದ ನೀನ ಮೊದಲ ತಿನ್ನು,” ಎಂದೆ ಉದಾರವಾಗಿ.

“ತಿಂತೀನಿ. ಮಾಡಾವ್ರು ಯಾರು?” ಅವಳು ಪಕ್ಕಕ್ಕೆ ಸರಿದು ಒಲೆಯ ಮುಂದೆ ನನಗೆ ಜಾಗ ಬಿಟ್ಟಳು. “ಹಿಟ್ಟು ಇಲ್ಲೇ ಅದ, ಹಂಚು ಕಾದದ. ನಾಳಿ ಯಾಕ? ಬರ್ರಿ.”

ನಾನು ಬೂಟು ಹಾಕಿಕೊಂಡೆ. ಅಂದು ಹೊಟ್ಟೆ ಖಾಲಿಯಿತ್ತೋ ತುಂಬಿತ್ತೋ ನೆನಪಿಲ್ಲ. ನಾಲ್ಕು ಸುತ್ತು ಎಲ್ಲೂ ನಿಲ್ಲದೆ, ಹಿಂದೆ ನೋಡದೆ ನಡೆದೆ. ಇಷ್ಟು ವೇಗ ನಮ್ಮ ಗುಂಪಿನಲ್ಲಿ ಯಾರಿಗೂ ಬಂದಿಲ್ಲವೆಂದು ದೇಶಪಾಂಡೆಯವರು ಎಲ್ಲರ ಮುಂದೆ ನನಗೆ ಶಾಬ್ಬಾಸ್ ಅಂದರು.