ಚಿಕ್ಕಪ್ಪನ ಗೊಬ್ಬರದ ಗುಳಿಗೆ

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಅವನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಪುಡಿಯ ಕಣಗಳು ಒಂದಕ್ಕೊಂದು ಅಂಟಿ ಹೇಗೆ ಉಂಡೆಯಾಗುತ್ತವೆ ಎಂಬುದಕ್ಕೆ ಸಮೀಕರಣ ಬರೆಯುವುದು ಅವನ ಕಸುಬು. ಇದಕ್ಕೂ ಸಂಬಳ ಕೊಡುತ್ತಾರೆಯೇ? ಕೊಡುತ್ತಾರೆ!

ಒಮ್ಮೆ ಹಗರಿಬೊಮ್ಮನಹಳ್ಳಿಯ ಹೋಟೆಲಿನಲ್ಲಿ ಉಪ್ಪಿಟ್ಟಿನಲ್ಲಿ ಗಂಟು ಸಿಕ್ಕಿತು. ಇವನು ಖುಷಿಯಿಂದ ಅಡುಗೆಮನೆಗೇ ನುಗ್ಗಿ, "ರವಾ ಹಾಕಿದ ಮ್ಯಾಲೆ ಎಷ್ಟು ಜೋರು ತಿರುವಿದ್ರಿ?" ಎಂದು ಅಡುಗೆಯವನನ್ನು ಕೇಳಿದ.

"ಬ್ಯಾರೆ ಪ್ಲೇಟ್ ಕೊಡ್ತೀನಿ, ಕುಂದರ್ರಿ ಸರ."

"ಬ್ಯಾಡ್ರಿ, ಇದರಾಗ ಗಂಟು ಚೊಲೋ ಅದಾವ."

ಇಂಥವನು ಕಳೆದ ವರ್ಷ ಹಲವಾಗಲು ಹಳ್ಳಿಯ ನಮ್ಮ ಮನೆಗೆ ಬಂದಾಗ, ಅವ್ವ ಹೊಲಕ್ಕೆ ಕುರಿಗೊಬ್ಬರದ ಪುಡಿ ಎರಚುತ್ತಿದ್ದಳು. ಅವಳಿಗೆ ಉಬ್ಬಸ. ಆ ಧೂಳಿಗೆ ಉಸಿರು ಹಿಡಿಯುತ್ತದೆ, ಇನ್ನು ಹೊಲ ಬಿಡಿ ಎಂದು ಡಾಕ್ಟರು ಹೇಳಿದ್ದರು. ಹೊಲ ಬಿಟ್ಟು ಇರುವ ಜೀವವೇ ಅದು?

ಮರು ಶನಿವಾರ ಚಿಕ್ಕಪ್ಪ ಎಲ್ಲಿಂದಲೋ ಹಳೆಯ ಕಾಂಕ್ರೀಟ್ ಮಿಕ್ಸರ್ ತಂದ. ಪುಡಿಗೆ ನೀರು ಚಿಮುಕಿಸುತ್ತ ತಿರುಗಿಸಿದರೆ ಕಡಲೆ ಗಾತ್ರದ ಗುಳಿಗೆಗಳಾಗುತ್ತವೆ, ಧೂಳೇಳುವುದಿಲ್ಲ ಎಂದು ಅವನ ಲ್ಯಾಪ್‌ಟಾಪ್ ಲೆಕ್ಕ ಹಾಕಿ ಹೇಳಿತ್ತು. ಅವ್ವನಿಗೆ ನಗು ತಡೆಯಲಿಲ್ಲ.

"ಕುರಿ ಹಾಕಿದ್ದು ಗುಳಿಗಿನೇ ಇತ್ತಲ್ಲೋ ತಮ್ಮಾ. ಪುಡಿ ಮಾಡಿ ಮತ್ತ ಗುಳಿಗಿ ಮಾಡ್ತೀಯೇನು?"

"ಅದು ಮಣ್ಣಾಗ ಜಲ್ದಿ ಕರಗಲ್ಲ ಅತ್ತಿಗಿ. ಇದು ಕರಗತೈತಿ."

"ಕುರಿಗೆ ಲೆಕ್ಕ ಬರಲ್ಲ ಅನ್ನು."

ಮೊದಲ ಸಲ ಮಿಕ್ಸರಿನಿಂದ ಹೊರಬಿದ್ದದ್ದು ಕುಂಬಳಕಾಯಿಯಂಥ ಒಂದೇ ಉಂಡೆ. ಗೊಬ್ಬರದೊಳಗಿನ ಉಣ್ಣೆಯ ಎಳೆಗಳು ಕಣಗಳನ್ನು ಬಿಗಿಯಾಗಿ ಹಿಡಿದುಬಿಟ್ಟಿದ್ದವು, ಅವು ಲೆಕ್ಕದಲ್ಲಿ ಇರಲೇ ಇಲ್ಲ! ಮುಂದಿನ ವಾರ ನೀರು ಕಡಿಮೆ ಮಾಡಿದ, ಪುಡಿ ಪುಡಿಯಾಗಿಯೇ ಉಳಿಯಿತು. ಅದನ್ನೇ ಎರಚಿ ಬಂದ ಅವ್ವ ಸಂಜೆಯೆಲ್ಲ ಕೆಮ್ಮಿದಳು. ಚಿಕ್ಕಪ್ಪ ಅವತ್ತು ಊಟ ಮಾಡಲಿಲ್ಲ. ಲ್ಯಾಪ್‌ಟಾಪ್ ಹಿಡಿದು ಕೂತು ಉಣ್ಣೆಯನ್ನೂ ಸಮೀಕರಣಕ್ಕೆ ಸೇರಿಸಿದ. ಕುರಿಯ ಕೂದಲಿಗೆ ಗಣಿತದಲ್ಲಿ ಇಷ್ಟು ಮರ್ಯಾದೆ ಇನ್ಯಾರು ಕೊಟ್ಟಾರು?

ಮುಂಗಾರಿಗೆ ಮುಂಚೆ ಅಂತೂ ಗುಳಿಗೆ ಸರಿಬಂದವು. ಅವ್ವ ಪುಟ್ಟಿ ಹೊತ್ತು ಎರಚುತ್ತ ಹೊರಟಳು. ಚಿಕ್ಕಪ್ಪ ಗುಳಿಗೆಯ ಗಾತ್ರ ಅಳೆಯುತ್ತಿದ್ದಾನೆಂದುಕೊಂಡು ನೋಡಿದರೆ, ಬದುವಿನ ಮೇಲೆ ಕಣ್ಣು ಮುಚ್ಚಿ ನಿಂತಿದ್ದ. ಏನಾಯಿತೆಂದು ಕೇಳಿದೆ.

"ಸುಮ್ನಿರು. ಕೆಮ್ಮು ಕೇಳತೈತೇನು?" ಎಂದ.

ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೊಲದ ಆ ತುದಿಯಿಂದ ಅವ್ವನ ದನಿ ಒಂದೇ ಉಸಿರಿಗೆ ಬಂತು: "ಪುಟ್ಟಿ ಖಾಲಿ ಆತು, ಇನ್ನೊಂದು ತುಂಬ್ಕಂಡು ಬಾರೋ."

ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಅವನನ್ನು ಸಾಕಿದವಳು ಅವಳು. ತಲೆ ನರೆತ ಮೇಷ್ಟ್ರು ಕಣ್ಣೊರೆಸಿಕೊಳ್ಳದೆ ಪುಟ್ಟಿ ಹೊತ್ತು ಓಡಿದ.