ಕರೆಂಟು ಕಂಬಕ್ಕೂ ಸಾರಿ ಹೇಳುವ ಭಾವ

ನಮ್ಮ ಭಾವ ಯಾರಿಗೂ ‘ಸಾರಿ’ ಹೇಳದೆ ಕಳೆದ ದಿನ ಇಡೀ ಜೀವಮಾನದಲ್ಲಿ ಒಂದೇ ಒಂದು. ಅದು ಅವರು ಹುಟ್ಟಿದ ದಿನ. ಅವತ್ತೂ ಮಾತು ಬರುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಬಚಾವಾದರು. ಇಲ್ಲದಿದ್ದರೆ ಸೂಲಗಿತ್ತಿಯ ಕೈ ಹಿಡಿದು, “ಸುಮ್ನೆ ನಿಮಗೆ ತೊಂದ್ರೆ ಕೊಟ್ಟೆ” ಅನ್ನದೆ ಬಿಡುತ್ತಿದ್ದರೇ?

ಉತ್ಪ್ರೇಕ್ಷೆ ಅಂತೀರಾ? ವಡೋದರಾದ ಮಂಜಲ್‌ಪುರಕ್ಕೆ ಬಂದು ನಮ್ಮ ಜೊತೆ ಒಂದು ದಿನ ಇರಿ. ಕರೆಂಟು ಕಂಬಕ್ಕೆ ಭುಜ ತಗುಲಿದರೆ ಕಂಬಕ್ಕೆ ಸಾರಿ. ರಸ್ತೆ ಮಧ್ಯೆ ಮಲಗಿದ ಎಮ್ಮೆಗೆ ಹಾರ್ನ್ ಹೊಡೆದದ್ದಕ್ಕೆ ಸ್ಕೂಟರ್ ನಿಲ್ಲಿಸಿ ಎಮ್ಮೆಗೆ ಸಾರಿ. ಒಮ್ಮೆ ಷೇರ್ ಆಟೋದಲ್ಲಿ ಒಬ್ಬ ದಢೂತಿ ಮನುಷ್ಯ ಇವರ ಕಾಲು ತುಳಿದ. ಸಾರಿ ಹೇಳಿದ್ದು ಯಾರು? ಇವರೇ. ನಾನು ಸಿಟ್ಟಿನಿಂದ ನೋಡಿದರೆ, “ಕಾಲು ಅಲ್ಲಿಟ್ಟಿದ್ದು ನಾನೇ ತಾನೇ?” ಅಂದರು.

ನಾನು ಅವರ ನಾದಿನಿ, ಅವರ ಮನೆಯಲ್ಲೇ ಇರುವವಳು. ಹತ್ತೊಂಬತ್ತು ವರ್ಷದ ಹಿಂದೆ ತುಮಕೂರಿನಲ್ಲಿ ನಮ್ಮ ಅಕ್ಕನಿಗೆ ತಾಳಿ ಕಟ್ಟುವ ಮುಂಚೆ ಭಾವ ಬಗ್ಗಿ ಅವಳ ಕಿವಿಯಲ್ಲಿ “ಸಾರಿ” ಅಂದಿದ್ದರಂತೆ. ಯಾಕೆ ಅಂದರೆ, “ಕೈ ತಣ್ಣಗಿದೆ.” ಆಗ ಅಕ್ಕ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮಕ್ಕಳಿಗೆ ಅವಳೆಂದರೆ ಪ್ರಾಣ. ಆ ಕೆಲಸ ಬಿಟ್ಟು ಗಂಡನ ಹಿಂದೆ ಗುಜರಾತಿಗೆ ಬಂದಳು. ಇಲ್ಲಿ ಕನ್ನಡ ಕಲಿಯುವವರು ಯಾರಿದ್ದಾರೆ? ಅವಳ ಕೆಂಪು ಪೆನ್ನು ಮಾತ್ರ ಜೊತೆಗೆ ಬಂತು. ಅದಕ್ಕೀಗ ಉಳಿದಿರುವ ವಿದ್ಯಾರ್ಥಿ ಭಾವ ಒಬ್ಬರೇ.

ಭಾವ ಮಕರಪುರದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಅಲ್ಲೇ ಡಿಸ್ಪ್ಯಾಚ್ ಆಫೀಸಿನಲ್ಲಿ ನನಗೂ ಅವರೇ ಕೆಲಸ ಕೊಡಿಸಿದರು. (ಕೊಡಿಸುವಾಗ ನನ್ನ ಪರವಾಗಿ ಮಾಲೀಕರಿಗೆ ಮುಂಗಡವಾಗಿಯೇ ಸಾರಿ ಹೇಳಿಟ್ಟಿದ್ದರಂತೆ!) ವಾಲ್ವ್‌ಗೆ ನೀರು ತುಂಬಿಸಿ, ಪಂಪಿನಿಂದ ಒತ್ತಡ ಕೊಟ್ಟು, ಎಲ್ಲಾದರೂ ಒಂದು ಹನಿ ಜಿನುಗಿದರೆ ‘ರಿಜೆಕ್ಟ್’ ಎಂದು ಬರೆದು ಕೆಂಪು ಚೀಟಿ ಕಟ್ಟುವುದು ಅವರ ಕೆಲಸ. ಎಂಥವರ ಕೈಗೆ ಎಂಥ ಕೆಲಸ ನೋಡಿ! ಅವರ ಹಿಂದಿ ಚೀಟಿಯನ್ನು ಕನ್ನಡಕ್ಕೆ ತಂದರೆ ಹೀಗಿರುತ್ತಿತ್ತು: “ಕ್ಷಮಿಸಿ, ತಪ್ಪು ತಿಳಿಯಬೇಡಿ, ಈ ವಾಲ್ವ್ ಬಹುಶಃ ಸ್ವಲ್ಪ ಸೋರುತ್ತಿರಬಹುದು. ನನ್ನ ಕಣ್ಣಿನ ದೋಷವೂ ಇರಬಹುದು. ತೊಂದರೆಗೆ ಮತ್ತೊಮ್ಮೆ ಕ್ಷಮಿಸಿ.”

ಅಕ್ಕ ಮನೆಯಲ್ಲಿ ಅದರ ನಕಲು ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

“ಅಲ್ಲಾ ರೀ, ವಾಲ್ವ್ ಸೋರ್ತಿದೆಯೋ ಇಲ್ವೋ?”

“ಸೋರ್ತಿದೆ.”

“ಹಂಗಾದ್ರೆ ಅಷ್ಟೇ ಬರೀರಿ.”

“ಅಷ್ಟೇ ಬರೆದ್ರೆ ಜಿಗ್ನೇಶ್‌ಭಾಯಿಗೆ ಬೇಜಾರಾಗಲ್ವೇನೆ?”

ಜಿಗ್ನೇಶ್‌ಭಾಯಿ ಅಂದರೆ ನಮ್ಮ ಪ್ರೊಡಕ್ಷನ್ ಹೆಡ್. ಅಕ್ಕ ಕೆಂಪು ಪೆನ್ನಿನಿಂದ ಒಂದೊಂದೇ ಮಾತು ಹೊಡೆದುಹಾಕುತ್ತಾ ಹೋದರೆ ಕೊನೆಗೆ ಉಳಿಯುತ್ತಿದ್ದುದು ಪೂರ್ಣವಿರಾಮ ಮಾತ್ರ.

ಆಗಬಾರದ್ದು ಆಗಿಯೇ ಹೋಯಿತು. ‘ಕಣ್ಣಿನ ದೋಷ’ ಎಂದು ಬರೆದ ಒಂದು ವಾಲ್ವನ್ನು ಜಿಗ್ನೇಶ್‌ಭಾಯಿ ಹಜೀರಾದ ಗಿರಾಕಿ ಕಂಪನಿಗೆ ಕಳಿಸಿಬಿಟ್ಟರು. ಪುಣ್ಯಕ್ಕೆ ಅಲ್ಲಿಯವರು ಜೋಡಿಸುವ ಮುಂಚೆ ಪರೀಕ್ಷೆ ಮಾಡಿ, ಬೈದು ವಾಪಸ್ ಕಳಿಸಿದರು. ಮಾಲೀಕರ ಕಡೆಯಿಂದ ಮೊದಲ ಎಚ್ಚರಿಕೆ ಬಂತು. ಜೊತೆಗೆ ಭಾವನಿಗೆ ಧೈರ್ಯವಾಗಿ ಮಾತಾಡುವುದನ್ನು ಕಲಿಸಲು ಅಹಮದಾಬಾದಿನಿಂದ ಒಬ್ಬ ಟ್ರೇನರ್ ಮೇಡಂ ಬಂದರು.

ಮೇಡಂ ಹೇಳಿಕೊಟ್ಟ ಸೂತ್ರ ಸುಲಭದ್ದು. ಸಾರಿ ಅನ್ನುವ ಕಡೆಯೆಲ್ಲ ಥ್ಯಾಂಕ್ಸ್ ಅನ್ನಿ. ತಡವಾಗಿ ಬಂದರೆ ‘ತಡವಾಯ್ತು, ಸಾರಿ’ ಬೇಡ, ‘ಕಾದಿದ್ದಕ್ಕೆ ಥ್ಯಾಂಕ್ಸ್’ ಅನ್ನಿ. ಭಾವ ಇದನ್ನು ಮಂತ್ರದ ಹಾಗೆ ಉರು ಹೊಡೆದರು. ಮಾರನೆಯ ದಿನದಿಂದ ಕಂಬಕ್ಕೆ ಥ್ಯಾಂಕ್ಸ್, ಎಮ್ಮೆಗೆ ಥ್ಯಾಂಕ್ಸ್. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅದೇ ವಾರ ನಮ್ಮ ಕೆಳಗಿನ ಮನೆಯ ತೊಂಬತ್ತು ದಾಟಿದ ಕಾಂತಾಬೆನ್ ತೀರಿಕೊಂಡರು. ಹೆಣ ಎತ್ತುವ ಹೊತ್ತಿಗೆ ಭಾವ ಕಾರ್ಖಾನೆಯಿಂದ ಏದುಸಿರು ಬಿಡುತ್ತಾ ಓಡಿ ಬಂದು, ಕೈ ಮುಗಿದು, ಎಲ್ಲರಿಗೂ ಕೇಳುವಂತೆ, “ನಾನು ಬರೋವರೆಗೂ ಕಾದಿದ್ದಕ್ಕೆ ಥ್ಯಾಂಕ್ಸ್” ಎಂದು ಹಿಂದಿಯಲ್ಲಿ ಹೇಳಿದರು. ಚಟ್ಟಕ್ಕೆ ಹೆಗಲು ಕೊಟ್ಟ ನಾಲ್ವರೂ ಒಮ್ಮೆ ಕಾಂತಾಬೆನ್ ಕಡೆ ತಿರುಗಿ ನೋಡಿದರು. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳುತ್ತಿದ್ದಾಳೆಂದು ಅಕ್ಕಪಕ್ಕದವರು ಸಮಾಧಾನ ಮಾಡಿದರು.

ಈ ಸುದ್ದಿ ಕಾರ್ಖಾನೆಗೂ ಮುಟ್ಟಿತು. ಮಾಲೀಕರು, ಅಂದರೆ ಶೇಠ್‌ಜಿ, ಎಪ್ಪತ್ತು ದಾಟಿದ ಜೈನರು. ಭಾವನನ್ನೂ ಕಾಗದಪತ್ರ ಹಿಡಿದ ನನ್ನನ್ನೂ ಒಳಗೆ ಕರೆದರು.

“ನಮ್ಮಲ್ಲಿ ವರ್ಷಕ್ಕೊಂದು ದಿನ ಸಂವತ್ಸರಿ ಬರುತ್ತೆ, ಗೊತ್ತಲ್ಲ? ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ರೆ ಕ್ಷಮಿಸಿ ಅಂತ ಎಲ್ಲರನ್ನೂ ಕೇಳ್ಕೋತೀವಿ. ಕೇಳೋಕೆ ಮುಂಚೆ ಯಾರನ್ನ, ಯಾತಕ್ಕೆ ಅಂತ ಎಂಟು ದಿನ ಕೂತು ಯೋಚನೆ ಮಾಡ್ತೀವಿ. ನೀವು ಯೋಚನೆನೇ ಮಾಡದೆ ದಿನಾ ಹಂಚ್ತೀರಿ. ಆ ದಿನ ಬರೋವರೆಗೂ ಈ ಗೇಟಿನ ಒಳಗೆ ನಿಮ್ಮ ಬಾಯಲ್ಲಿ ಆ ಮಾತು ಬರಕೂಡದು. ಇನ್ನೊಂದು ಸೋರೋ ವಾಲ್ವ್ ಹೊರಗೆ ಹೋದ್ರೆ ನಿಮ್ಮನ್ನ ಇಟ್ಕೊಳ್ಳಕ್ಕಾಗಲ್ಲ.”

“ಸಾರಿ ಶೇಠ್‌ಜಿ,” ಅಂದರು ಭಾವ.

ಶೇಠ್‌ಜಿ ಕಣ್ಣು ಮುಚ್ಚಿಕೊಂಡು, “ನಾಳೆಯಿಂದ,” ಅಂದರು.

ಸಂವತ್ಸರಿಗೆ ಇನ್ನೂ ಐದು ತಿಂಗಳಿತ್ತು. ಆ ಐದು ತಿಂಗಳು ಭಾವ ಪಟ್ಟ ಪಾಡು ಶತ್ರುವಿಗೂ ಬೇಡ. ಮಾತು ಗಂಟಲಿಗೆ ಬರುತ್ತಿತ್ತು, ಇವರು ನೀರು ಕುಡಿದು ಒಳಗೆ ತಳ್ಳುತ್ತಿದ್ದರು. ದಿನಕ್ಕೆ ನಾಲ್ಕು ಬಾಟಲಿ ಖಾಲಿ. ಇವರಿಗೆ ಸಕ್ಕರೆ ಕಾಯಿಲೆ ಬಂದಿದೆಯೆಂದು ತಿಳಿದ ಕ್ಯಾಂಟೀನಿನವನು ಚಹಾಕ್ಕೆ ಸಕ್ಕರೆ ಹಾಕುವುದನ್ನೇ ನಿಲ್ಲಿಸಿದ. ‘ಸಕ್ಕರೆ ಹಾಕು’ ಅನ್ನಬೇಕಾದರೂ ಮೊದಲು ಸಾರಿ ಹೇಳಬೇಕಲ್ಲ? ಐದು ತಿಂಗಳು ಸಪ್ಪೆ ಚಹಾ ಕುಡಿದರು.

ಹಬ್ಬಕ್ಕೆ ಎರಡೇ ದಿನವಿತ್ತು. ಹಜೀರಾಕ್ಕೆ ಹೋಗಬೇಕಾದ ದೊಡ್ಡ ವಾಲ್ವ್ ಕೊನೆಯ ಪರೀಕ್ಷೆಗೆ ಕೂತಿತ್ತು. ಗೇಟಿನಲ್ಲಿ ಲಾರಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ನಾನು ಕಾಗದ ಹಿಡಿದು ಪಕ್ಕದಲ್ಲೇ ಇದ್ದೆ. ವಾಲ್ವಿನ ಕೆಳಗೆ ಒಂದು ಹನಿ ಮೂಡಿತು. ಭಾವ ಒರೆಸಿದರು. ಮತ್ತೆ ಮೂಡಿತು.

“ಒಂದೇ ಹನಿ ಭಾಯಿ,” ಅಂದರು ಜಿಗ್ನೇಶ್‌ಭಾಯಿ. “ಹಜೀರಾ ಪಾರ್ಟಿ ಬೆಳಗ್ಗಿಂದ ಹತ್ತು ಸಲ ಫೋನ್ ಮಾಡಿದೆ. ಬಿಟ್ಬಿಡಿ.”

ಭಾವನ ಬಾಯಿ ತೆರೆಯಿತು. ಸಾರಿ ಬಂದರೆ ಹಿಂದೆಯೇ ‘ಬಹುಶಃ’ ಬರುತ್ತದೆ, ಅದರ ಹಿಂದೆ ‘ಕಣ್ಣಿನ ದೋಷ’ ಬರುತ್ತದೆ, ಆಮೇಲೆ ವಾಲ್ವ್ ಲಾರಿ ಹತ್ತುತ್ತದೆ, ಭಾವ ಮನೆಯಲ್ಲಿ ಕೂರುತ್ತಾರೆ. ಭಾವ ಮೂರು ಸಲ ಉಗುಳು ನುಂಗಿದರು.

“ಸೋರ್ತಿದೆ. ಹೋಗಲ್ಲ,” ಎಂದು ಕೆಂಪು ಚೀಟಿ ಕಟ್ಟಿದರು.

ಜಿಗ್ನೇಶ್‌ಭಾಯಿ ಉಳಿದ ಮಾತಿಗಾಗಿ ಕಾದರು. ಬರಲಿಲ್ಲ.

“ಮುಂದೆ?” ಎಂದು ಕೇಳಿದರು.

“ಮುಂದೇನಿಲ್ಲ.”

ಲಾರಿಯವನು ಎಂಜಿನ್ ಆರಿಸಿದ. ಭಾವ ನನ್ನ ಬಾಟಲಿ ಕಿತ್ತುಕೊಂಡು ಗಟಗಟನೆ ಪೂರ್ತಿ ಕುಡಿದು, “ಆ ಮಾತು ಹದಿನಾಲ್ಕು ಸಲ ಬಂದಿತ್ತು ಕಣೇ ಗಂಟಲಿಗೆ,” ಅಂದರು. ವಾಲ್ವ್ ಬಿಚ್ಚಿದಾಗ ಒಳಗೆ ಉದ್ದಕ್ಕೆ ಬಿರುಕು ಬಿಟ್ಟಿದ್ದು ಸಿಕ್ಕಿತು. ಅದನ್ನು ಶೇಠ್‌ಜಿಯೇ ಬಂದು ನೋಡಿ, ಭಾವನ ಬೆನ್ನು ತಟ್ಟಿ ಹೋದರು.

ಹಬ್ಬದ ಮಾರನೆಯ ಬೆಳಿಗ್ಗೆ ಶೇಠ್‌ಜಿ ಕಾರ್ಖಾನೆಯಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು ಕೈ ಮುಗಿದು “ಮಿಚ್ಛಾಮಿ ದುಕ್ಕಡಂ” ಎಂದು ಕ್ಷಮೆ ಕೇಳುತ್ತಾ ಬಂದರು. ಹಿಂದೆ ಜಿಗ್ನೇಶ್‌ಭಾಯಿ. ನಮಗೆಲ್ಲ ಭಾವನದೇ ಚಿಂತೆ. ಐದು ತಿಂಗಳ ದಾಸ್ತಾನು ಹೊರಬಿದ್ದರೆ ಮಧ್ಯಾಹ್ನದ ಊಟ ಉಂಟೇ? ಭಾವ ಕೈ ಮುಗಿದು ಒಂದು ಸಲ ಅದೇ ಮಾತು ಹೇಳಿ ಸುಮ್ಮನಾದರು.

“ಅಷ್ಟೇನಾ?” ಅಂದರು ಶೇಠ್‌ಜಿ.

“ಕೂತು ಯೋಚನೆ ಮಾಡಿದೆ ಶೇಠ್‌ಜಿ. ಇಲ್ಲಿ ಕೇಳೋದು ಏನೂ ಉಳಿದಿಲ್ಲ. ಒಂದಿದೆ, ಅದು ಮನೇದು.”

ಸಂಜೆ ಅಕ್ಕ ನಡುಮನೆಯಲ್ಲಿ ಕೂತು ಹೀರೇಕಾಯಿ ಹೆಚ್ಚುತ್ತಿದ್ದಳು. ಭಾವ ಚಪ್ಪಲಿಯನ್ನೂ ಬಿಡದೆ ಬಂದು ಮಡಿಸಿದ ಒಂದು ಹಾಳೆ ಅವಳ ಕೈಗಿಟ್ಟರು. ಅಕ್ಕ ಅಭ್ಯಾಸಬಲದಿಂದ ಕೆಂಪು ಪೆನ್ನಿನ ಮುಚ್ಚಳ ತೆಗೆದಳು. ನಾನು ಹಿಂದಿನಿಂದ ಬಗ್ಗಿ ಓದಿದೆ.

“ನಿನ್ನ ಸ್ಕೂಲು ಬಿಡಿಸಿದೆ. ಹೊರಡು ಅಂದೆನೇ ಹೊರತು ಬರ್ತೀಯಾ ಅಂತ ಕೇಳಲಿಲ್ಲ. ತಪ್ಪಾಯಿತು.”

‘ಬಹುಶಃ’ ಇರಲಿಲ್ಲ. ‘ಕಣ್ಣಿನ ದೋಷ’ ಇರಲಿಲ್ಲ. ಕಂಬಕ್ಕೆ, ಎಮ್ಮೆಗೆ, ಆಟೋದಲ್ಲಿ ಕಾಲು ತುಳಿದವನಿಗೆ ಸಾರಿ ಹೇಳಿದ ಮನುಷ್ಯ ಇದೊಂದನ್ನು ಮಾತ್ರ ಇಷ್ಟು ವರ್ಷ ಬಾಯಿಬಿಟ್ಟು ಕೇಳಿರಲಿಲ್ಲ. ಅಕ್ಕನ ಪೆನ್ನು ಹಾಳೆಯ ಮೇಲೆ ತುಂಬ ಹೊತ್ತು ಹಾಗೇ ನಿಂತಿತು. ಏನನ್ನೂ ಹೊಡೆದುಹಾಕಲಿಲ್ಲ. ಅವಳು ಮುಚ್ಚಳ ಹಾಕಿದಳು.

“ಹತ್ತೊಂಬತ್ತು ವರ್ಷ ಲೇಟು,” ಅಂದಳು.

ಭಾವ ಈಗ ಚಪ್ಪಲಿ ಬಿಟ್ಟರು.

“ಕಾದಿದ್ದಕ್ಕೆ ಥ್ಯಾಂಕ್ಸ್ ಕಣೇ,” ಅಂದರು.

ಅಕ್ಕ ನಕ್ಕಳು, ನಗುತ್ತಲೇ ಅತ್ತಳು. ನನಗೂ ತಡೆಯಲಾಗಲಿಲ್ಲ. ಹಾಲು ಉಕ್ಕುತ್ತಿದೆಯೇನೋ ನೋಡ್ತೀನಿ ಎಂದು ಅಡುಗೆಮನೆಗೆ ಹೋದೆ. ಒಲೆ ಹಚ್ಚಿಯೇ ಇರಲಿಲ್ಲ.